ಹ್ಯಾಮ್‌ಸ್ಟ್ರಿಂಗ್ ಹರಿದ ಮೇಲೆ

ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿದುಕೊಂಡವರಿಗೆ ಸಲಹೆಯ ಕೊರತೆ ಎಂದೂ ಆಗುವುದಿಲ್ಲ. ಐಸ್ ಇಡು ಎನ್ನುವವರು, ಬಿಸಿ ಶಾಖ ಕೊಡು ಎನ್ನುವವರು, ಅಲ್ಲಾಡಿಸಲೇಬೇಡ ಎನ್ನುವವರು, ಚೆನ್ನಾಗಿ ಎಳೆದು ಹಿಗ್ಗಿಸಿದರೆ ಸರಿಹೋಗುತ್ತದೆ ಎನ್ನುವವರು, ಎಲ್ಲರೂ ಸ್ವಂತ ಅನುಭವದ ಬಲದ ಮೇಲೆಯೇ ಮಾತನಾಡುತ್ತಾರೆ. ಅವರ ಕಾಲು ವಾಸಿಯಾಗಿರುವುದೂ ನಿಜ. ಹರಿದ ಸ್ನಾಯು ಹೇಗೂ ಒಂದು ದಿನ ಕೂಡಿಕೊಳ್ಳುತ್ತದೆ. ಆ ಹೊತ್ತಿಗೆ ಯಾರು ಏನು ಮಾಡುತ್ತಿದ್ದರೋ ಹೊಗಳಿಕೆ ಅದಕ್ಕೆ ಹೋಗುತ್ತದೆ.

ನನ್ನ ಎಡಗಾಲಿನ ಹ್ಯಾಮ್‌ಸ್ಟ್ರಿಂಗ್ ಹರಿದು, ಮತ್ತೆ ಪೂರ್ಣ ವೇಗದಲ್ಲಿ ಓಡುವವರೆಗೆ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹವ್ಯಾಸಕ್ಕೆ ಓಡುವ, ನಲವತ್ತು ದಾಟಿದ ದೇಹ ನನ್ನದು. ಕಾಲು ಚಾಚಿ ಕೂತಿದ್ದ ದಿನಗಳಲ್ಲಿ ಓದಲು ಸಮಯವಿತ್ತು. ಹಾಗಾಗಿ ನನಗೆ ಹೇಳಿದ ಪ್ರತಿಯೊಂದು ಉಪಾಯದ ಬಗ್ಗೆಯೂ ಯಾರಾದರೂ ಸರಿಯಾಗಿ ಅಳೆದು ನೋಡಿದ್ದಾರೆಯೇ ಎಂದು ಹುಡುಕುತ್ತಾ ಹೋದೆ.

ಪೆಟ್ಟಾದದ್ದು ವೈದ್ಯಕೀಯ ಪುಸ್ತಕಗಳಲ್ಲಿ ಬರೆದಿರುವ ಕ್ರಮದಲ್ಲೇ. ಪೂರ್ಣ ವೇಗದ ಓಟ; ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ತೊಡೆಯ ಹಿಂದೆ ಚುರುಕ್ಕೆಂದಿತು. ಮುಂದಿನ ಹೆಜ್ಜೆ ಇಡಲಾಗಲಿಲ್ಲ. ಮುಂದಕ್ಕೆ ಬೀಸಿದ ಮೊಣಕಾಲನ್ನು ತಡೆದು ನಿಲ್ಲಿಸುವ ಕೆಲಸ ಹ್ಯಾಮ್‌ಸ್ಟ್ರಿಂಗ್‌ನದು. ಅಂದರೆ ಆ ಕ್ಷಣದಲ್ಲಿ ಅದು ಉದ್ದಕ್ಕೆ ಎಳೆಯಲ್ಪಡುತ್ತಲೇ ಬಲವನ್ನೂ ಹಾಕಬೇಕು. ಹ್ಯಾಮ್‌ಸ್ಟ್ರಿಂಗ್ ಎನ್ನುವುದು ಮೂರು ಸ್ನಾಯುಗಳ ಗುಂಪು. ವೇಗದ ಓಟದಲ್ಲಿ ಹೆಚ್ಚಾಗಿ ಕೈಕೊಡುವುದು ಹೊರಬದಿಯ ಬೈಸೆಪ್ಸ್ ಫೆಮೋರಿಸ್. ನನ್ನದೂ ಅದೇ. ಸ್ನಾಯು ತನ್ನ ರಜ್ಜುವಿಗೆ ಸೇರುವ ಜಾಗದಲ್ಲಿ ಸಣ್ಣ ಸೀಳು ಎಂದು ಸ್ಕ್ಯಾನ್ ಹೇಳಿತು.

ಮೊದಲ ದಿನ ಐಸ್ ಇಟ್ಟೆ, ನೋವು ಮರಗಟ್ಟಲಿ ಎಂದಷ್ಟೇ. ವಿಶ್ರಾಂತಿ, ಐಸ್, ಬಿಗಿಯಾದ ಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು. ಐಸೂ ಸಂಪೂರ್ಣ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ಹಲವು ದಶಕಗಳ ನಂತರ ಬರೆದವರೂ ಅವರೇ. ಪೆಟ್ಟಾದ ಜಾಗಕ್ಕೆ ಬರುವ ಉರಿಯೂತ ದುರಸ್ತಿ ಕೆಲಸದ ಮೊದಲ ಪಾಳಿ. ಹಾಳಾದ ಎಳೆಗಳನ್ನು ತೆರವು ಮಾಡುವ ಜೀವಕೋಶಗಳು ಬರುವುದೇ ಆಗ. ತಾನೇ ಕಟ್ಟಿದ ಸೂತ್ರವನ್ನು ತಾನೇ ಬಿಚ್ಚಿದ ಮಿರ್ಕಿನ್ ಅವರ ಬಗ್ಗೆ ನನಗೆ ಗೌರವ ಹುಟ್ಟಿತು. ಸೂತ್ರ ಮಾತ್ರ ಇನ್ನೂ ಪ್ರಥಮ ಚಿಕಿತ್ಸೆಯ ಪೋಸ್ಟರ್‌ಗಳಲ್ಲಿ ಉಳಿದಿದೆ.

ಫಿಸಿಯೋಥೆರಪಿಸ್ಟ್ ನನ್ನನ್ನು ಕರೆದದ್ದು ಪೆಟ್ಟಾದ ಮಾರನೆಯ ದಿನವೇ. ಇಷ್ಟು ಬೇಗ ಏಕೆ ಎಂದು ಕೇಳಿದೆ. ‘ನೀವು ಒಂದು ವಾರ ಸುಮ್ಮನೆ ಮಲಗಿದರೆ ನಿಮಗೆ ಆಗುವ ನಷ್ಟ ಒಂದು ವಾರದ್ದಷ್ಟೇ ಆಗಿರುವುದಿಲ್ಲ’ ಎಂದರು. ಅದು ಬರಿಯ ಮಾತಿನ ಚಮತ್ಕಾರ ಎಂದುಕೊಂಡಿದ್ದೆ. ಆದರೆ ಡೆನ್ಮಾರ್ಕ್‌ನ ಸಂಶೋಧಕರು 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಒಂದು ಪುಟ್ಟ ವರದಿ ಅದನ್ನೇ ಹೇಳುತ್ತದೆ. ತೊಡೆಯ ಅಥವಾ ಮೀನಖಂಡದ ಸ್ನಾಯು ಹರಿದುಕೊಂಡ 50 ಹವ್ಯಾಸಿ ಕ್ರೀಡಾಪಟುಗಳನ್ನು ಅವರು ಎರಡು ಗುಂಪು ಮಾಡಿದರು. ವ್ಯಾಯಾಮ ಇಬ್ಬರಿಗೂ ಒಂದೇ. ಒಂದು ಗುಂಪು ಅದನ್ನು ಎರಡನೆಯ ದಿನ ಶುರುಮಾಡಿತು, ಇನ್ನೊಂದು ಒಂಬತ್ತನೆಯ ದಿನ. ಬೇಗ ಶುರುಮಾಡಿದವರು ಸುಮಾರು 62 ದಿನಗಳಲ್ಲಿ ನೋವಿಲ್ಲದೆ ಆಟಕ್ಕೆ ಮರಳಿದರು. ತಡಮಾಡಿದವರಿಗೆ 83 ದಿನ ಬೇಕಾಯಿತು. ಏಳು ದಿನದ ವಿಶ್ರಾಂತಿಗೆ ಮೂರು ವಾರದ ದಂಡ.

ಶುರು ಎಂದರೆ ಭಾರಿ ಏನೂ ಅಲ್ಲ. ಬೋರಲು ಮಲಗಿ, ಮಂಡಿಯನ್ನು ಸ್ವಲ್ಪ ಮಡಚಿ, ಹಿಮ್ಮಡಿಯನ್ನು ಫಿಸಿಯೋ ಅವರ ಅಂಗೈಗೆ ಒತ್ತಿ ಹಿಡಿಯುವುದು. ಕಾಲು ಅಲ್ಲಾಡುವುದಿಲ್ಲ, ಸ್ನಾಯು ಮಾತ್ರ ಬಿಗಿಯಾಗುತ್ತದೆ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಹೇಳಬೇಕು. ನಾಲ್ಕು ದಾಟದಿದ್ದರೆ ಮುಂದುವರಿಯಬಹುದು ಎಂದರು. ನೋವಿದ್ದಾಗ ಮಾಡುವುದೇ ಎಂದು ನನ್ನ ಮನೆಯವರು ಹೌಹಾರಿದರು. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು ಹ್ಯಾಮ್‌ಸ್ಟ್ರಿಂಗ್ ಹರಿದ 43 ಪುರುಷರ ಮೇಲೆ ಇದನ್ನೇ ಪರೀಕ್ಷಿಸಿದೆ. ಸ್ವಲ್ಪ ನೋವನ್ನು ಸಹಿಸಿ ವ್ಯಾಯಾಮ ಮಾಡಿದವರೂ ನೋವೇ ಇಲ್ಲದಂತೆ ನೋಡಿಕೊಂಡವರೂ ಆಟಕ್ಕೆ ಮರಳಲು ತೆಗೆದುಕೊಂಡ ಸಮಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ನೋವು ಸಹಿಸಿದವರ ಕಾಲಿನ ಬಲ ಹೆಚ್ಚು ಚೆನ್ನಾಗಿ ಮರಳಿತ್ತು.

ಇನ್ನು ಮಾಲೀಸಿನ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಮೆಚ್ಚಿನ ಚಿಕಿತ್ಸೆ ಅದೇ ಆಗಿತ್ತು. ಮೊದಲ ದಿನಗಳಲ್ಲಿ ಹರಿದ ಜಾಗದ ಮೇಲೆ ಯಾರೂ ಒತ್ತಬಾರದು ಎಂಬುದು ಫಿಸಿಯೋ ಅವರ ಕಟ್ಟಪ್ಪಣೆ. ಊತ ಇಳಿದು ನಡಿಗೆ ಸರಿಯಾದ ಮೇಲೆ ಸುತ್ತಲಿನ ಸ್ನಾಯುಗಳನ್ನು ನೀವಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಮಸಾಜ್ ಮಾಡುವವರ ಕೈ ಪಳಗಿದ ಕೈ. ತೊಡೆಯ ಹೊರಬದಿಯಲ್ಲಿ ಹೆಬ್ಬೆರಳು ಇಳಿಯುತ್ತಿದ್ದಂತೆ ಉಸಿರು ತಾನಾಗಿ ಉದ್ದವಾಗುತ್ತಿತ್ತು. ಎದ್ದು ನಿಂತಾಗ ಕಾಲು ಹಗುರವಾಗಿರುತ್ತಿತ್ತು. ಆದರೆ ಅವರಿಗೆ ಕೆಲಸದ ಜೊತೆ ವಿವರಣೆಯನ್ನೂ ಕೊಡುವ ಅಭ್ಯಾಸ. ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಅದನ್ನು ಹೊರಹಾಕಬೇಕು’ ಎನ್ನುತ್ತಿದ್ದರು. ‘ಇಲ್ಲಿ ಗಂಟು ಕಟ್ಟಿದೆ ನೋಡಿ, ಇದನ್ನು ಒಡೆಯಬೇಕು’ ಎನ್ನುತ್ತಿದ್ದರು.

ಲ್ಯಾಕ್ಟಿಕ್ ಆಸಿಡ್‌ನ ಕಥೆ ಎಷ್ಟು ಗಟ್ಟಿಮುಟ್ಟಾದದ್ದೆಂದರೆ ಯಾವ ಸಂಶೋಧನೆಯೂ ಅದನ್ನು ಕೊಲ್ಲಲಾರದು. ಜೋರಾಗಿ ಓಡಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ರಕ್ತದಲ್ಲಿ ಇರುವ ರೂಪ) ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೃದಯವೂ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸಿಬಿಡುತ್ತವೆ. ಮಾರನೆಯ ದಿನ, ಅದರ ಮಾರನೆಯ ದಿನ ಕಾಡುವ ಮೈನೋವಿಗೂ ಅದಕ್ಕೂ ಸಂಬಂಧವಿಲ್ಲ. ಆ ನೋವು ಸ್ನಾಯುವಿನೊಳಗಿನ ಸೂಕ್ಷ್ಮ ಸೀಳುಗಳಿಂದ ಬರುತ್ತದೆ ಎಂದು ಥಿಯೋಡರ್ ಹಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲೇ ಊಹಿಸಿದ್ದರು. 2010ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ತಂಡ, ದಣಿದ ಮುಂಗೈಗೆ ಮಸಾಜ್ ಮಾಡುತ್ತಾ ರಕ್ತದ ಹರಿವನ್ನೂ ಲ್ಯಾಕ್ಟೇಟನ್ನೂ ಅಳೆಯಿತು. ಕೈಯ ಒತ್ತಡ ರಕ್ತನಾಳಗಳನ್ನು ಅದುಮಿ ಹರಿವನ್ನು ತಗ್ಗಿಸಿತ್ತು. ಲ್ಯಾಕ್ಟೇಟ್ ಹೊರಹೋಗುವುದು ಇನ್ನೂ ನಿಧಾನವಾಗಿತ್ತು.

ಹಾಗಾದರೆ ಮಸಾಜ್ ಸುಳ್ಳೇ? ಹಾಗೆ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ, ಪುರಾವೆಯೂ ಅದನ್ನು ಒಪ್ಪುವುದಿಲ್ಲ. ಕೆನಡಾದ್ದೇ ಆದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 11 ಯುವಕರನ್ನು ಸೈಕಲ್ ತುಳಿಸಿ ಸುಸ್ತು ಮಾಡಿ, ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. 2012ರಲ್ಲಿ ವರದಿ ಬಂತು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆ ಇದ್ದವು, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯ ಹೆಚ್ಚುವ ಸೂಚನೆಗಳಿದ್ದವು. ಲ್ಯಾಕ್ಟೇಟ್ ಮಾತ್ರ ಎರಡೂ ಕಾಲಿನಲ್ಲಿ ಒಂದೇ. ಹನ್ನೊಂದು ಜನರ ಅಧ್ಯಯನದ ಮೇಲೆ ಮನೆ ಕಟ್ಟಲಾಗದು, ಸರಿ. ದೊಡ್ಡ ಚಿತ್ರ ಬೇಕಿದ್ದರೆ 2020ರಲ್ಲಿ ಬ್ರಿಟನ್ನಿನ ಶೆಫೀಲ್ಡ್‌ನಿಂದ ಬಂದ ಪರಾಮರ್ಶೆಯಿದೆ. 29 ಅಧ್ಯಯನಗಳು, 1,012 ಜನ. ಮಸಾಜಿನಿಂದ ಬಲ, ಜಿಗಿತ, ವೇಗ, ತಾಳಿಕೆ ಯಾವುದೂ ಏರಲಿಲ್ಲ. ವ್ಯಾಯಾಮದ ನಂತರದ ಮೈನೋವು ಸ್ವಲ್ಪ ಇಳಿಯಿತು, ಮೈ ಸ್ವಲ್ಪ ಸಡಿಲವಾಯಿತು. ಫ್ರಾನ್ಸಿನ ಸಂಶೋಧಕರು 2018ರಲ್ಲಿ 99 ಅಧ್ಯಯನಗಳನ್ನು ಒಟ್ಟುಗೂಡಿಸಿ ಚೇತರಿಕೆಯ ನಾನಾ ವಿಧಾನಗಳನ್ನು ಹೋಲಿಸಿದಾಗ ಮೈನೋವಿಗೂ ದಣಿವಿನ ಅನಿಸಿಕೆಗೂ ಎಲ್ಲಕ್ಕಿಂತ ಮುಂದೆ ನಿಂತದ್ದು ಮಸಾಜೇ.

ನನ್ನ ಮಟ್ಟಿಗೆ ಲೆಕ್ಕ ಇಲ್ಲಿಗೆ ಸ್ಪಷ್ಟವಾಯಿತು. ಮಸಾಜ್ ನನ್ನ ಹರಿದ ಸ್ನಾಯುವನ್ನು ಹೊಲಿಯುತ್ತಿರಲಿಲ್ಲ. ನಾಳೆ ಮತ್ತೆ ಅದೇ ಬೇಸರದ ವ್ಯಾಯಾಮ ಮಾಡುವ ಮನಸ್ಸನ್ನು ಅದು ಉಳಿಸಿಕೊಡುತ್ತಿತ್ತು. ಅದು ಸಣ್ಣ ಕೆಲಸವೇನಲ್ಲ. ಗಂಟು ಒಡೆಯುವ ಮಾತಿಗೆ ಮಾತ್ರ ನಾನು ತಲೆಯಾಡಿಸುವುದನ್ನು ಬಿಟ್ಟೆ. ತೊಡೆಯ ಹೊರಬದಿಯ ಹೊದಿಕೆಯಾದ ಫೇಶಿಯ ಎಷ್ಟು ಗಡಸು ಎಂದರೆ ಅದನ್ನು ನೂರಕ್ಕೆ ಒಂದರಷ್ಟು ಅದುಮಲೂ ಮನುಷ್ಯನ ಕೈಗೆ ಸಾಧ್ಯವಾಗುವ ಬಲ ಸಾಲದು ಎಂದು 2008ರಲ್ಲಿ ಗಣಿತದ ಮಾದರಿಯೊಂದು ತೋರಿಸಿತ್ತು. ಬೆರಳಿನ ಕೆಳಗೆ ಏನೋ ಕರಗಿದಂತೆ ಆಗುವುದು ನಿಜ. ಸಡಿಲಗೊಳ್ಳುವುದು ನರಮಂಡಲದ ಬಿಗಿ ಎಂಬುದೇ ಹೆಚ್ಚು ಒಪ್ಪುವ ವಿವರಣೆ. ಇದನ್ನು ಮಸಾಜ್ ಮಾಡುವವರ ಮುಂದೆ ವಾದಿಸಲು ಹೋಗಲಿಲ್ಲ. ತೊಡೆ ಅವರ ಕೈಯಲ್ಲಿತ್ತು.

ಸ್ಟ್ರೆಚಿಂಗ್ ಬಗ್ಗೆ ನನ್ನ ಕಾಲಿಗೇ ಒಂದು ಅಭಿಪ್ರಾಯವಿತ್ತು. ಎರಡನೆಯ ವಾರದ ಹೊತ್ತಿಗೆ ತೊಡೆಯ ಹಿಂಭಾಗ ಇಡೀ ದಿನ ಹಿಡಿದುಕೊಂಡಂತೆ ಇರುತ್ತಿತ್ತು. ಮೇಜಿನ ಮೇಲೆ ಹಿಮ್ಮಡಿ ಇಟ್ಟು, ಮುಂದಕ್ಕೆ ಬಾಗಿ, ಎಳೆದು ಹಿಡಿಯಬೇಕು ಎನ್ನುವ ಹಂಬಲ. ಸ್ನಾಯು ಕುಗ್ಗಿ ಗಿಡ್ಡವಾಗಿದೆ, ಎಳೆದರೆ ಉದ್ದವಾಗುತ್ತದೆ ಎಂಬ ನಂಬಿಕೆ ಎಷ್ಟು ಸಹಜವೆಂದರೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಫಿಸಿಯೋ ಅದಕ್ಕೆ ಒಂದು ಪ್ರಯೋಗ ಮಾಡಿ ತೋರಿಸಿದರು. ಅಂಗಾತ ಮಲಗಿ, ತೊಡೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಮಂಡಿ ಎಷ್ಟು ಬಿಚ್ಚಿಕೊಳ್ಳುತ್ತದೆ ಎಂದು ಕೋನಮಾಪಕದಲ್ಲಿ ಅಳೆದರು. ಆಮೇಲೆ ಹಿಮ್ಮಡಿಯನ್ನು ಮಂಚಕ್ಕೆ ಒತ್ತಿ ಹಿಡಿಯುವ ವ್ಯಾಯಾಮವನ್ನು ಕೆಲವು ಸಲ ಮಾಡಿಸಿ ಮತ್ತೆ ಅಳೆದರು. ಸ್ವಲ್ಪವೂ ಎಳೆಯದೆ ಕೋನ ಹೆಚ್ಚಾಗಿತ್ತು. ಕೆಲವೇ ನಿಮಿಷಗಳಲ್ಲಿ ಸ್ನಾಯು ಉದ್ದ ಬೆಳೆಯುವುದಿಲ್ಲ. ಇಷ್ಟಕ್ಕಿಂತ ಮುಂದೆ ಹೋಗಬೇಡ ಎಂದು ತಡೆಯುತ್ತಿದ್ದ ಕಾವಲು ಸ್ವಲ್ಪ ಸರಿದು ನಿಂತಿತ್ತು ಅಷ್ಟೇ. ಸ್ಟ್ರೆಚಿಂಗ್‌ನಿಂದ ಕೆಲವು ವಾರಗಳಲ್ಲಿ ಹೆಚ್ಚುವ ಚಲನೆಯೂ ಬಹುಮಟ್ಟಿಗೆ ಎಳೆತವನ್ನು ತಾಳಿಕೊಳ್ಳುವ ಶಕ್ತಿ ಬೆಳೆದದ್ದರಿಂದಲೇ ಹೊರತು ಸ್ನಾಯುವಿನ ಉದ್ದ ಬದಲಾದದ್ದರಿಂದಲ್ಲ ಎಂದು ವೆಪ್ಲರ್ ಮತ್ತು ಮ್ಯಾಗ್ನುಸನ್ ಎಂಬ ಸಂಶೋಧಕರು 2010ರಲ್ಲಿ ವಾದಿಸಿದ್ದಾರೆ.

ಸ್ಟ್ರೆಚಿಂಗ್‌ನ ಮೇಲಿನ ಉಳಿದ ಅಧ್ಯಯನಗಳನ್ನು ಓದುತ್ತಾ ನನಗೆ ಶಾಲೆಯ ವ್ಯಾಯಾಮ ಶಿಕ್ಷಕರ ಮೇಲೆ ಕನಿಕರ ಬಂತು. ಆಸ್ಟ್ರೇಲಿಯದ ಸೇನೆಗೆ ಸೇರಿದ 1,538 ಹೊಸಬರನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಮಾತ್ರ ಪ್ರತಿ ತರಬೇತಿಗೆ ಮುನ್ನ ಸ್ಟ್ರೆಚಿಂಗ್ ಮಾಡಿಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಕಾಲಿನ ಪೆಟ್ಟುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮೈನೋವಿನ ಬಗ್ಗೆ, ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆ ಹೇಳುವುದು, ವ್ಯಾಯಾಮದ ನಂತರ ಮಾಡಿದ ಸ್ಟ್ರೆಚಿಂಗ್ ಮಾರನೆಯ ದಿನದ ನೋವನ್ನು ನೂರು ಅಂಕಗಳ ಅಳತೆಯಲ್ಲಿ ಸರಾಸರಿ ಒಂದು ಅಂಕದಷ್ಟು ಇಳಿಸುತ್ತದೆ ಎಂದು. ನೂರರಲ್ಲಿ ಒಂದು! ಓಟಕ್ಕೆ ಮುಂಚೆ ಒಂದೊಂದು ಸ್ನಾಯುವನ್ನೂ ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಆ ಹೊತ್ತಿನ ಬಲವೂ ಸ್ವಲ್ಪ ಕುಂದುತ್ತದೆ. ಹಾಗೆಂದು ಅದನ್ನು ಪೂರ್ತಿ ಬಿಟ್ಟುಬಿಡಲಿಲ್ಲ. ಮೇಲೆ ಹೇಳಿದ ಡೆನ್ಮಾರ್ಕ್‌ನ ಕಾರ್ಯಕ್ರಮದ ಮೊದಲ ಹಂತದಲ್ಲೂ ಮೃದುವಾದ ಸ್ಟ್ರೆಚಿಂಗ್ ಇತ್ತು. ನನಗೂ ಅಷ್ಟೇ ಮಾಡಿಸಿದರು. ಚಲನೆ ಮರಳಿತು, ಹೆದರಿಕೆ ಕಡಿಮೆಯಾಯಿತು, ಅಲ್ಲಿಗೆ ಅದರ ಪಾತ್ರ ಮುಗಿಯಿತು.

ನಿಜವಾದ ಕೆಲಸ ಮಾಡಿದ್ದು ಭಾರ. ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಮೂರು ವ್ಯಾಯಾಮಗಳನ್ನು ಫಿಸಿಯೋ ನನಗೆ ಹೇಳಿಕೊಟ್ಟರು. ಮೊದಲನೆಯದು ಎಕ್ಸ್‌ಟೆಂಡರ್: ಅಂಗಾತ ಮಲಗಿ, ತೊಡೆಯನ್ನು ಕೈಯಿಂದ ಹಿಡಿದು, ನೋವು ಶುರುವಾಗುವ ಅಂಚಿನವರೆಗೆ ಮಂಡಿಯನ್ನು ನಿಧಾನವಾಗಿ ಬಿಚ್ಚುವುದು. ಎರಡನೆಯದು ಡೈವರ್: ಪೆಟ್ಟಾದ ಕಾಲಿನ ಮೇಲೆ ಒಂಟಿಯಾಗಿ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಎತ್ತಿ, ಕೈ ಚಾಚಿ, ಸೊಂಟದಿಂದ ಮುಂದಕ್ಕೆ ಬಾಗುವುದು. ಮೂರನೆಯದು ಗ್ಲೈಡರ್: ಪೆಟ್ಟಾದ ಕಾಲಿನ ಹಿಮ್ಮಡಿಯ ಮೇಲೆ ಭಾರ ಹಾಕಿ, ಇನ್ನೊಂದು ಕಾಲನ್ನು ನಯವಾದ ನೆಲದ ಮೇಲೆ ಹಿಂದಕ್ಕೆ ಜಾರಿಸುತ್ತಾ ಹೋಗುವುದು. ಮೊದಲನೆಯದು ದಿನಕ್ಕೆರಡು ಬಾರಿ, ಎರಡನೆಯದು ದಿನ ಬಿಟ್ಟು ದಿನ, ಮೂರನೆಯದು ಮೂರು ದಿನಕ್ಕೊಮ್ಮೆ. ಮೂರರಲ್ಲೂ ಸ್ನಾಯು ಉದ್ದವಾಗುತ್ತಲೇ ಭಾರ ಹೊರಬೇಕು, ಅಂದರೆ ಹರಿಯುವ ಕ್ಷಣದಲ್ಲಿ ಅದಕ್ಕೆ ಕೈಲಾಗದೇ ಹೋದ ಕೆಲಸವನ್ನೇ ನಿಧಾನವಾಗಿ ಮಾಡಿಸುವುದು. ಸ್ವೀಡನ್ನಿನ 75 ಫುಟ್‌ಬಾಲ್ ಆಟಗಾರರಲ್ಲಿ ಈ ಕ್ರಮ ಅನುಸರಿಸಿದವರು ಸರಾಸರಿ 28 ದಿನಕ್ಕೆ ಮರಳಿದರೆ, ಸಾಂಪ್ರದಾಯಿಕ ವ್ಯಾಯಾಮ ಮಾಡಿದವರಿಗೆ 51 ದಿನ ಹಿಡಿದಿತ್ತು.

ನನಗೆ 28 ದಿನ ಸಾಲಲಿಲ್ಲ, ಸಾಲಬೇಕೆಂದು ಯಾರೂ ಹೇಳಿಯೂ ಇರಲಿಲ್ಲ. ಅವರು ಪಳಗಿದ ಆಟಗಾರರು. ಈ ವಾರಗಳಲ್ಲಿ ಅತ್ಯಂತ ಕಷ್ಟದ್ದಾಗಿದ್ದದ್ದು ನೋವಿನಲ್ಲೇ ಎರಡು ಜಾತಿಯನ್ನು ಗುರುತಿಸುವುದು. ಭಾರ ಹೆಚ್ಚಿಸಿದ ಮಾರನೆಯ ದಿನ ತೊಡೆ ಪೂರ್ತಿ, ಕೆಲವೊಮ್ಮೆ ಪೃಷ್ಠದವರೆಗೂ, ಮಂದವಾಗಿ ನೋಯುತ್ತಿತ್ತು. ಎರಡನೆಯ ದಿನ ಜಾಸ್ತಿಯಾಗಿ, ಓಡಾಡಿದಂತೆಲ್ಲ ಸಡಿಲಗೊಂಡು, ನಾಲ್ಕನೆಯ ದಿನದ ಹೊತ್ತಿಗೆ ಇಲ್ಲವಾಗುತ್ತಿತ್ತು. ಅದು ಬರಿಯ ಮೈನೋವು. ಉದ್ದವಾಗುತ್ತಾ ಭಾರ ಹೊತ್ತ ಸ್ನಾಯುವಿಗೆ ಅದು ಸಹಜ, ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಅದರ ಏರು. ಇನ್ನೊಂದು ನೋವು ಬೆರಳ ತುದಿಯಷ್ಟು ಜಾಗದ್ದು. ಮಾಡುತ್ತಿರುವಾಗಲೇ ಚುಚ್ಚುತ್ತದೆ, ಮುಟ್ಟಿ ತೋರಿಸಬಹುದು. ಅದು ಬಂದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಮೊದಮೊದಲು ಎರಡೂ ಒಂದೇ ಎನಿಸಿ ಪ್ರತಿ ಸಲವೂ ಫಿಸಿಯೋ ಅವರಿಗೆ ಫೋನ್ ಮಾಡುತ್ತಿದ್ದೆ. ‘ಒಂದು ಬೆರಳಿನಿಂದ ತೋರಿಸುತ್ತೀರೋ, ಇಡೀ ಅಂಗೈಯಿಂದಲೋ?’ ಎಂದು ಕೇಳುತ್ತಿದ್ದರು. ಅಂಗೈ ಎಂದರೆ ಫೋನ್ ಇಟ್ಟುಬಿಡುತ್ತಿದ್ದರು.

ಮೈನೋವು ಹೆಚ್ಚಿದ್ದ ದಿನಗಳಲ್ಲೇ ಮಸಾಜ್‌ಗೆ ಹೋಗುವ ಏರ್ಪಾಡು ಮಾಡಿಕೊಂಡೆ. ತಣ್ಣೀರಿನ ತೊಟ್ಟಿಯಲ್ಲಿ ಕೂರು ಎಂದ ಗೆಳೆಯರಿದ್ದರು, ಅದನ್ನು ಬೇಡವೆಂದೆ. ಹನ್ನೆರಡು ವಾರ ಭಾರ ಎತ್ತಿದ ಮೇಲೆಲ್ಲ ತಣ್ಣೀರಿನಲ್ಲಿ ಮುಳುಗಿದವರ ಸ್ನಾಯು, ಹಗುರವಾಗಿ ಸೈಕಲ್ ತುಳಿದವರಿಗಿಂತ ಕಡಿಮೆ ಬೆಳೆದಿತ್ತು ಎಂದು 2015ರ ಅಧ್ಯಯನವೊಂದು ತೋರಿಸಿದೆ. ಬಲ ಬೆಳೆಸಿಕೊಳ್ಳಬೇಕಾದ ತಿಂಗಳುಗಳಲ್ಲಿ ಅದನ್ನೇ ತಣಿಸುವುದು ಏತಕ್ಕೆ? ಟೂರ್ನಿಯ ನಡುವೆ ನಾಳೆಯೇ ಆಡಬೇಕಾದವರ ಲೆಕ್ಕ ಬೇರೆ.

ಓಟ ಶುರುವಾದದ್ದು ನಡಿಗೆಯ ನಡುವೆ ನಾಲ್ಕು ಹೆಜ್ಜೆಯಾಗಿ. ಆಮೇಲೆ ನಿಧಾನದ ಓಟ, ಆಮೇಲೆ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಅಷ್ಟೇ ನಿಧಾನವಾಗಿ ಇಳಿಸುವ ಓಟ. ಮುಕ್ಕಾಲು ವೇಗದವರೆಗೆ ಏನೂ ತೊಂದರೆಯಿರಲಿಲ್ಲ. ಅದರಾಚೆ ನೋವಿಲ್ಲದಿದ್ದರೂ ಹೆಜ್ಜೆ ತಾನಾಗಿ ಮೊಟಕಾಗುತ್ತಿತ್ತು. ಕಾಲಿಗೆ ನೆನಪಿತ್ತು. ಆಸ್ಕ್ಲಿಂಗ್ ಅವರದೇ ಇನ್ನೊಂದು ಪರೀಕ್ಷೆ ಇದಕ್ಕಾಗಿಯೇ ಇದೆ. ಮಂಡಿ ಮಡಚದಂತೆ ಪಟ್ಟಿ ಬಿಗಿದು, ಅಂಗಾತ ಮಲಗಿಸಿ, ಕಾಲನ್ನು ಸಾಧ್ಯವಿದ್ದಷ್ಟು ರಭಸವಾಗಿ ಮೇಲಕ್ಕೆ ಎಸೆಯಲು ಹೇಳುತ್ತಾರೆ. ನೋವು ಬಂದರಷ್ಟೇ ಅಲ್ಲ, ಅಳುಕು ಕಂಡರೂ ಅನುತ್ತೀರ್ಣ. ಮೊದಲ ಸಲ ನನ್ನ ಕಾಲು ಅರ್ಧದಲ್ಲೇ ತಡೆದುಕೊಂಡದ್ದು ನನಗೇ ಕಂಡಿತು. ಹಲವು ದಿನ ಬಿಟ್ಟು ಮತ್ತೆ ಮಾಡಿದಾಗ ಎರಡೂ ಕಾಲು ಒಂದೇ ಶಬ್ದದೊಂದಿಗೆ ಮೇಲೇರಿದವು. ಪೂರ್ಣ ವೇಗಕ್ಕೆ ಅನುಮತಿ ಸಿಕ್ಕಿದ್ದು ಅಂದು.

ಅಲ್ಲಿಗೆ ಮುಗಿಯಲಿಲ್ಲ. ಒಮ್ಮೆ ಹರಿದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯುವ ಅಪಾಯ ಉಳಿದವರಿಗಿಂತ ಹೆಚ್ಚು. ಅದನ್ನು ತಗ್ಗಿಸಲು ಸ್ಟ್ರೆಚಿಂಗ್ ಸಾಲದೆಂದು ಆಗಲೇ ಗೊತ್ತಾಗಿತ್ತು: 25 ಅಧ್ಯಯನಗಳ 26,610 ಜನರನ್ನು ಒಟ್ಟಿಗೆ ನೋಡಿದ 2014ರ ಪರಾಮರ್ಶೆಯಲ್ಲಿ ಬಲ ಬೆಳೆಸುವ ವ್ಯಾಯಾಮ ಕ್ರೀಡಾ ಗಾಯಗಳನ್ನು ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಸಿತ್ತು, ಸ್ಟ್ರೆಚಿಂಗ್‌ನಿಂದ ಪರಿಣಾಮವೇ ಕಂಡಿರಲಿಲ್ಲ. ಈಗ ನಾನು ಮಾಡುವುದು ನಾರ್ಡಿಕ್ ವ್ಯಾಯಾಮ. ಮಂಡಿಯೂರಿ ಕೂತು, ಹಿಮ್ಮಡಿಗಳನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರುವಾಗ, ಮೈಯನ್ನು ನೆಟ್ಟಗಿಟ್ಟುಕೊಂಡು ಮುಂದಕ್ಕೆ ನಿಧಾನವಾಗಿ ಬೀಳುವುದು. ತಂಡಗಳಲ್ಲಿ ಇದನ್ನು ಮಾಡಿಸಿದಾಗ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿವೆ ಎಂದು 2019ರ ಪರಾಮರ್ಶೆ ಹೇಳುತ್ತದೆ. ಆದರೂ ಯುರೋಪಿನ ದೊಡ್ಡ ಫುಟ್‌ಬಾಲ್ ತಂಡಗಳನ್ನು ವಿಚಾರಿಸಿದಾಗ ಇದನ್ನು ಪೂರ್ತಿಯಾಗಿ ಪಾಲಿಸುತ್ತಿದ್ದವು ಬೆರಳೆಣಿಕೆಯಷ್ಟು ಮಾತ್ರ. ಏಕೆಂದು ಮಾಡಿದವರಿಗೆ ಗೊತ್ತು. ಮೊದಲ ವಾರಗಳ ಮೈನೋವು ವಿಪರೀತ, ನೋಡುವವರಿಗೆ ಇದರಲ್ಲಿ ಯಾವ ಸೊಗಸೂ ಇಲ್ಲ, ಮೇಲಾಗಿ ಹಿಮ್ಮಡಿ ಹಿಡಿಯಲು ಒಬ್ಬರನ್ನು ಪ್ರತಿಸಲ ಕಾಡಬೇಕು. ನಾನು ಕೊನೆಗೆ ಮಂಚದ ಕೆಳಗಿನ ಅಡ್ಡಪಟ್ಟಿಗೆ ಹಿಮ್ಮಡಿ ಸಿಕ್ಕಿಸಿಕೊಳ್ಳುವ ಉಪಾಯ ಮಾಡಿಕೊಂಡಿದ್ದೇನೆ. ಮಂಚ ಜಾರದಂತೆ ಅದರ ಮೇಲೆ ಯಾರಾದರೂ ಕೂತಿರಬೇಕು, ಅಷ್ಟೇ.